ಕಾಸರಗೋಡಿನ ಆ ಶಾಲೆಗೆ ಎರಡನೇ ಭಾಗ ಬೇಕೇ?



ಈ ಸಲದ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಯಾವ ಸಿನಿಮಾ ತೋರಿಸುವುದು ಎಂದು ತೀರ್ಮಾನಿಸಲು ಕಳೆದ ತಿಂಗಳು ನಮ್ಮ ಕಾರ್ಯಕಾರಿ ಸಮಿತಿ ಸೇರಿತ್ತು. ಹತ್ತು ನಿಮಿಷದ ವಿಷಯ ಎಂದು ಅದನ್ನು ಅಜೆಂಡಾದ ಕೊನೆಗೆ ಹಾಕಿದ್ದೆವು. ಮುಗಿಯುವಾಗ ರಾತ್ರಿ ಎಂಟೂವರೆ. ಮುಳ್ಳೇರಿಯ ಕಡೆಗೆ ಹೋಗುವ ಇಬ್ಬರು ಸದಸ್ಯರನ್ನು ಬೇರೆಯವರ ಕಾರಿನಲ್ಲಿ ಕಳಿಸಬೇಕಾಯಿತು.

ನಡೆದದ್ದು ಇಷ್ಟು. ಯುವ ಸದಸ್ಯರೊಬ್ಬರು 'ಸ್ಪೇಸ್ ಜಾಮ್' ಎಂಬ ಇಂಗ್ಲಿಷ್ ಸಿನಿಮಾವನ್ನು ಸೂಚಿಸಿದರು. ತಾವು ಚಿಕ್ಕಂದಿನಲ್ಲಿ ನೋಡಿದ್ದು, ಮನುಷ್ಯರೂ ಕಾರ್ಟೂನ್ ಗೊಂಬೆಗಳೂ ಸೇರಿ ಬಾಸ್ಕೆಟ್‌ಬಾಲ್ ಆಡುವ ಕಥೆ, ಮಕ್ಕಳು ಖುಷಿಪಡುತ್ತಾರೆ ಎಂದರು. ಹಿರಿಯರು, ಕನ್ನಡ ಸಂಘದ ಶಿಬಿರಕ್ಕೆ ಅದೆಂಥದ್ದು, 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಇಲ್ಲವೇ ಎಂದರು. ಅದನ್ನು ಮಕ್ಕಳು ಮೂರು ಮೂರು ಸಲ ನೋಡಿದ್ದಾರೆ ಎಂದು ಒಬ್ಬರು ಅಕ್ಕ ಹೇಳಿದರು. ಆಗ ಮತ್ತೊಬ್ಬರು, "ಹಾಗಾದರೆ ಅದರ ಎರಡನೇ ಭಾಗ ಬರಲೇಬೇಕು ಮಾರಾಯ್ರೆ, ನಾವೊಂದು ಠರಾವು ಮಾಡಿ ನಿರ್ದೇಶಕರಿಗೆ ಕಳಿಸುವ" ಎಂದುಬಿಟ್ಟರು. ಪರ, ವಿರೋಧ ಎರಡೂ ಜೋರಾಯಿತು. ಕೊನೆಗೆ ಠರಾವನ್ನು ಮುಂದೂಡಿ, ಈ ಬಗ್ಗೆ ಟಿಪ್ಪಣಿ ಬರೆದು ಸದಸ್ಯರ ಮುಂದಿಡಬೇಕೆಂದು ಕಾರ್ಯದರ್ಶಿಗೆ ಒಪ್ಪಿಸಲಾಯಿತು. ಕಚೇರಿಯಲ್ಲಿ ಮೂವತ್ತು ವರ್ಷ ಟಿಪ್ಪಣಿಯನ್ನೇ ಬರೆದವರು ನಾವು. ಇದು ಆ ಟಿಪ್ಪಣಿ.

ಮೊದಲಿಗೆ ಆ ಇಂಗ್ಲಿಷ್ ಸಿನಿಮಾ

ವಿರೋಧಿಸುವ ಮೊದಲು ನೋಡಬೇಕಲ್ಲ. ಎರಡು ಭಾಗಗಳನ್ನೂ ನೋಡಿದೆವು. ಮೊದಲನೆಯದು 1996ರಲ್ಲಿ ಬಂದದ್ದು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್ 1993ರಲ್ಲಿ ಆಟ ಬಿಟ್ಟು, ಬೇಸ್‌ಬಾಲ್ ಆಡಲು ಹೋಗಿ, 1995ರಲ್ಲಿ ಮರಳಿ ಬಂದಿದ್ದರು. ಆ ಮಧ್ಯದ ಅವಧಿಯಲ್ಲಿ ಅವರನ್ನು ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲ ಕರೆದೊಯ್ದು ತನ್ನ ತಂಡಕ್ಕೆ ಸೇರಿಸಿಕೊಂಡಿತು ಎಂಬುದು ಕಥೆ. ಜೋರ್ಡಾನ್ ಹಸಿರು ಬಟ್ಟೆ ಹೊದಿಸಿದ ಕೋಣೆಯಲ್ಲಿ, ಹಸಿರು ಉಡುಪು ತೊಟ್ಟ ನಟರ ನಡುವೆ ಚೆಂಡು ಬಡಿಯುತ್ತ ಅಭಿನಯಿಸಿದರು. ಆಮೇಲೆ ಹಸಿರನ್ನು ಅಳಿಸಿ, ಆ ಜಾಗದಲ್ಲಿ ಮೊಲ, ಬಾತುಕೋಳಿಗಳನ್ನು ಚಿತ್ರಿಸಿ ಕೂರಿಸಿದರು. ಇದೆಲ್ಲ ಹುಟ್ಟಿದ್ದು ಬೂಟಿನ ಜಾಹೀರಾತೊಂದರಿಂದ. ಆದರೂ ಕಥೆಗೆ ಒಂದು ಕಾರಣ ಇತ್ತು: ಆಟ ಬಿಟ್ಟವನು ಮತ್ತೆ ಆಟಕ್ಕೆ ಯಾಕೆ ಬಂದ?

ಎರಡನೇ ಭಾಗ 2021ರಲ್ಲಿ, 25 ವರ್ಷಗಳ ನಂತರ ಬಂತು. ಜೋರ್ಡಾನ್ ಇಲ್ಲ, ಲೆಬ್ರಾನ್ ಜೇಮ್ಸ್ ಇದ್ದಾರೆ. ಚಿತ್ರ ತಯಾರಿಸಿದ ಕಂಪೆನಿಯ ಹಳೆಯ ಸಿನಿಮಾಗಳ ಪಾತ್ರಗಳೆಲ್ಲ ಗ್ಯಾಲರಿಯಲ್ಲಿ ತುಂಬಿಕೊಂಡಿವೆ. ಜೋರ್ಡಾನ್ ಬಂದರು ಎಂದು ಆಸೆ ಹುಟ್ಟಿಸಿ, ಅದೇ ಹೆಸರಿನ ಬೇರೊಬ್ಬ ನಟನನ್ನು ತಂದು ನಿಲ್ಲಿಸುವ ತಮಾಷೆಯೂ ಇದೆ. ನಮಗೆ ನಗು ಬಂತು, ಆದರೆ ಇಡೀ ಸಿನಿಮಾದ ಗುಟ್ಟು ಅಲ್ಲೇ ಬಿಟ್ಟುಹೋಯಿತು ಅನ್ನಿಸಿತು. ಹಳೆಯ ಹೆಸರು ಹೇಳಿ ಕರೆಯುತ್ತಾರೆ, ಒಳಗೆ ಬಂದು ನೋಡಿದರೆ ಬೇರೆಯವರು ಕೂತಿರುತ್ತಾರೆ.

ನಮ್ಮ ಕಡೆಯ ಅನುಭವ

ಇದು ಅಮೆರಿಕದವರಿಗೆ ಮಾತ್ರ ಸೀಮಿತವಲ್ಲ. 2006ರ 'ಮುಂಗಾರು ಮಳೆ' ಹತ್ತು ವರ್ಷದ ನಂತರ 'ಮುಂಗಾರು ಮಳೆ 2' ಆಗಿ ಬಂದಾಗ ನಾಯಕ ಗಣೇಶ್ ಅವರೇ ಇದ್ದರು. ನಿರ್ದೇಶಕರು ಬೇರೆ, ಕಥೆ ಬೇರೆ. ಯೋಗರಾಜ ಭಟ್ಟರ 'ಗಾಳಿಪಟ' 2008ರದ್ದು, 'ಗಾಳಿಪಟ 2' ಬಂದದ್ದು 2022ರಲ್ಲಿ. ಅದೂ ಮುಂದುವರಿಕೆಯಲ್ಲ, ಅದೇ ಹೆಸರಿನ ಬೇರೆ ಕಥೆ.

ಇನ್ನೂ ಹಿಂದೆ ಹೋದರೆ 'ಮಾಲ್ಗುಡಿ ಡೇಸ್' ಇದೆ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ಆ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ, ಟಿವಿ ಇದ್ದ ಮನೆಯ ಚಾವಡಿಯಲ್ಲಿ ಊರಿನ ಅರ್ಧ ಮಂದಿ ಕೂತಿರುತ್ತಿದ್ದೆವು. ಆರ್.ಕೆ. ಲಕ್ಷ್ಮಣರು ಬರೆದ ಚಿತ್ರಗಳು ಮೊದಲು, ಆಮೇಲೆ ಜೀವಂತ ಸ್ವಾಮಿ, ಅವನ ಕ್ರಿಕೆಟ್ ತಂಡ. ಆಲೋಚಿಸಿದರೆ ನಮ್ಮ ಕಾಲದ 'ಸ್ಪೇಸ್ ಜಾಮ್' ಅದೇ! ಶಂಕರ್‌ನಾಗ್ 1990ರಲ್ಲಿ ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ಹೊಸ ಕಂತುಗಳನ್ನು ಮಾಡಿದರು. ಅದನ್ನು ನಾವು ಕೂಗಿ ಕರೆದು ಯಾರಿಗೂ ತೋರಿಸಿದ ನೆನಪಿಲ್ಲ. ಕಂತುಗಳದ್ದು ತಪ್ಪು ಎಂದಲ್ಲ. ನಾವು ಹುಡುಕುತ್ತಿದ್ದದ್ದು ಸ್ವಾಮಿಯನ್ನಲ್ಲ, ಆ ಚಾವಡಿಯನ್ನು. ಅದನ್ನು ಯಾವ ನಿರ್ದೇಶಕರೂ ತಂದುಕೊಡಲಾರರು.

ಇಷ್ಟನ್ನು ನೋಡಿದ ಮೇಲೆ, ಎರಡನೇ ಭಾಗಕ್ಕೆ ಅರ್ಹತೆ ಇದೆಯೇ ಎಂದು ಪರೀಕ್ಷಿಸಲು ಮೂರು ಪ್ರಶ್ನೆ ಸಾಕು ಅನ್ನಿಸಿತು. ಒಂದು, ಮೊದಲ ಕಥೆಯಲ್ಲಿ ಹೇಳದೆ ಉಳಿದದ್ದು ಏನಾದರೂ ಇದೆಯೇ? ಎರಡು, ನಡುವೆ ಕಳೆದ ಕಾಲ ಆ ಪಾತ್ರಗಳನ್ನು ನಿಜವಾಗಿ ಬದಲಿಸಿದೆಯೇ? ಮೂರು, ಮುಂದುವರಿಕೆ ಯಾರಿಗೆ ಬೇಕು: ಕಥೆಗೋ, ಗಲ್ಲಾಪೆಟ್ಟಿಗೆಗೋ, ನಮ್ಮ ಹಳೆಯ ನೆನಪಿಗೋ?

ಈಗ ನಮ್ಮ ಸಿನಿಮಾ

ರಿಷಬ್ ಶೆಟ್ಟಿಯವರು ನಿರ್ದೇಶಿಸಿ ನಿರ್ಮಿಸಿದ 'ಸರ್ಕಾರಿ ಹಿ. ಪ್ರಾ. ಶಾಲೆ' 2018ರ ಆಗಸ್ಟ್‌ನಲ್ಲಿ ತೆರೆಗೆ ಬಂತು. ಮರುವರ್ಷ ಪ್ರಕಟವಾದ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರ ಎಂಬ ಗೌರವ ಪಡೆಯಿತು. ನಾವು ಕೆಲವರು ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ನೋಡಿದೆವು. ಪರದೆಯ ಮೇಲೆ ಕಾಸರಗೋಡು ಎಂಬ ಅಕ್ಷರ ಕನ್ನಡದಲ್ಲಿ ದೊಡ್ಡದಾಗಿ ಮೂಡಿದಾಗ ಪಕ್ಕದಲ್ಲಿ ಕೂತಿದ್ದ ನಿವೃತ್ತ ಅಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಸರಿನಲ್ಲಿರುವ ಆ 'ಕೊಡುಗೆ' ಎಂಬ ಮಾತೂ ನಮ್ಮದೇ. ನಮ್ಮ ಶಾಲೆಗಳ ಕಪಾಟು, ಫ್ಯಾನು, ಗಂಟೆ, ನೀರಿನ ಟಾಂಕಿ, ಯಾವುದರ ಮೇಲೆ ದಾನಿಯ ಹೆಸರಿಲ್ಲ ಹೇಳಿ!

ಕಥೆ ನಿಮಗೆ ಗೊತ್ತಿದೆ. ಕನ್ನಡ ಶಾಲೆಗೆ ಮಲಯಾಳ ಮಾತ್ರ ಬಲ್ಲ ಅಧ್ಯಾಪಕರು ಗಣಿತ ಕಲಿಸಲು ಬರುತ್ತಾರೆ. ಮಕ್ಕಳಿಗೆ ಲೆಕ್ಕವೂ ಇಲ್ಲ, ಭಾಷೆಯೂ ಇಲ್ಲ. ಶಾಲೆ ಮುಚ್ಚುವ ಹಂತಕ್ಕೆ ಹೋಗುತ್ತದೆ. ಮಕ್ಕಳು ಸಹಾಯ ಕೇಳಿಕೊಂಡು ಮೈಸೂರಿಗೆ ಹೋಗುತ್ತಾರೆ. ಅಲ್ಲಿ ಸಿಕ್ಕಿದ ಅನಂತಪದ್ಮನಾಭ, ಅಂದರೆ ಅನಂತ್‌ನಾಗ್, ಇಲ್ಲಿಗೆ ಬಂದು ನ್ಯಾಯಾಲಯದಲ್ಲಿ ವಾದಿಸುತ್ತಾರೆ. ಶಾಲೆ ಉಳಿಯುತ್ತದೆ.

ಇದನ್ನು ಕಥೆ ಎಂದು ನಗುವವರು ಬೇರೆ ಜಿಲ್ಲೆಯವರು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅತ್ತ ಹೋಗಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟರೂ ಅದು ಕಡತದಲ್ಲೇ ಉಳಿಯಿತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗೆಲ್ಲ ಪೋಷಕರು ಗೇಟಿನ ಮುಂದೆ ಕೂತದ್ದನ್ನು ನಮ್ಮ ಸದಸ್ಯರಲ್ಲಿ ಹಲವರು ಕಣ್ಣಾರೆ ಕಂಡಿದ್ದಾರೆ, ಕೆಲವರು ಜೊತೆಗೆ ಕೂತಿದ್ದಾರೆ.

ಹೊಗಳಿಕೆ ಆಯಿತು. ಟಿಪ್ಪಣಿಯಲ್ಲಿ ಆಕ್ಷೇಪಣೆಯೂ ಇರಬೇಕು. ಚಿತ್ರದ ಶಾಲೆ ಇರುವುದು ಕಾಸರಗೋಡಿನಲ್ಲಲ್ಲ, ಕೈರಂಗಳದಲ್ಲಿ. ಅದಕ್ಕೆ ನಮ್ಮ ತಕರಾರಿಲ್ಲ, ಗುಡ್ಡ, ತೋಟ, ಮಳೆ ಎರಡೂ ಕಡೆ ಒಂದೇ. ಆದರೆ ಮಲಯಾಳದ ಅಧಿಕಾರಿ ಪಾತ್ರಗಳು ಬರೀ ನಗೆಗೂ ಬೈಗುಳಕ್ಕೂ ಇದ್ದಂತಾಗಿವೆ. ನಮ್ಮ ಬದುಕು ಹಾಗಿಲ್ಲ. ನಮ್ಮ ಬೀದಿಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಎಲ್ಲ ಇವೆ. ಕನ್ನಡ ಶಾಲೆಯ ಹಲವು ಮಕ್ಕಳು ಮನೆಯಲ್ಲಿ ಆಡುವುದು ಕನ್ನಡವೇ ಅಲ್ಲ. ಕನ್ನಡ ಕಡತವನ್ನು ನಮ್ಮಷ್ಟೇ ಕಾಳಜಿಯಿಂದ ಮೇಲಕ್ಕೆ ಕಳಿಸಿದ ಮಲಯಾಳಿ ಸಹೋದ್ಯೋಗಿಗಳ ಜೊತೆ ನಾವು ಊಟದ ಬುತ್ತಿ ಹಂಚಿಕೊಂಡಿದ್ದೇವೆ.

ಹೇಳದೆ ಉಳಿದದ್ದು

ಈಗ ಮೊದಲ ಪ್ರಶ್ನೆ. ನ್ಯಾಯಾಲಯದಲ್ಲಿ ಗೆದ್ದರು, ಚಪ್ಪಾಳೆಯಾಯಿತು, ದೀಪ ಹತ್ತಿತು, ನಾವು ಎದ್ದು ಬಂದೆವು. ಮರುದಿನ ಬೆಳಿಗ್ಗೆ ಆ ಶಾಲೆಯಲ್ಲಿ ಏನು ನಡೆಯಿತು? ಸಿನಿಮಾ ಅದನ್ನು ಹೇಳುವುದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆದರೆ ಕಾಸರಗೋಡಿನವರಿಗೆ ಉಳಿದಿರುವ ಪ್ರಶ್ನೆ ಅದೊಂದೇ.

ಇಲ್ಲಿ ಸ್ವಲ್ಪ ಕಚೇರಿಯ ವಿಷಯ ಹೇಳಬೇಕು, ಗಡಿಯಾಚೆಯ ಸದಸ್ಯರಿಗೆ ಇದು ಗೊತ್ತಿರಲಾರದು. ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನದ ಮಕ್ಕಳ ಸಂಖ್ಯೆಯೇ ಲೆಕ್ಕ. ಆ ದಿನ ಎಷ್ಟು ಮಕ್ಕಳಿದ್ದಾರೋ ಅದರ ಮೇಲೆ ಆ ವರ್ಷ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕರ ಹುದ್ದೆ ಎಂಬುದು ನಿಶ್ಚಯವಾಗುತ್ತದೆ. ಸಂಖ್ಯೆ ಕಡಿಮೆಯಾದರೆ ಡಿವಿಷನ್ ಹೋಯಿತು, ಡಿವಿಷನ್ ಜೊತೆ ಹುದ್ದೆ ಹೋಯಿತು. ತರಗತಿಗೆ ಸರಾಸರಿ 15 ಮಕ್ಕಳೂ ಇಲ್ಲದ ಶಾಲೆಗೆ 'ಅನ್‌ಇಕನಾಮಿಕ್' ಎಂಬ ಹೆಸರು ಬೀಳುತ್ತದೆ. ಶಾಲೆಗೆ ಅಂಥ ಹೆಸರು ಬಿದ್ದ ಮೇಲೆ ಮುಂದಿನ ವರ್ಷ ಸೇರಿಸಲು ಬರುವ ತಂದೆತಾಯಿಯೂ ಹಿಂಜರಿಯುತ್ತಾರೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆನ್ನುತ್ತದೆ. ಅದು ಸೇರಿದ್ದೂ 1956ರಲ್ಲಿ, ಏಳನೇ ತಿದ್ದುಪಡಿಯ ಮೂಲಕ. ಇದರ ಬಲದಿಂದ ಅಧ್ಯಾಪಕರನ್ನು ಕೇಳಬಹುದು, ಪಠ್ಯಪುಸ್ತಕ ಕೇಳಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಹೋಗಲೂ ಬೇಕು. ಆದರೆ ಯಾವ ನ್ಯಾಯಾಧೀಶರೂ ಬೆಂಚಿನ ಮೇಲೆ ಮಗುವನ್ನು ತಂದು ಕೂರಿಸುವುದಿಲ್ಲ. ಅದು ಮನೆಯಿಂದ ಹೊರಡಬೇಕು.

ಆ ಸಂಜೆ ಚರ್ಚೆ ಬಿಸಿಯಾಗಿದ್ದಾಗ ನಾವು ಒಂದು ಕೆಲಸ ಮಾಡಿದೆವು. ಮಾಡಬಾರದಿತ್ತೋ ಏನೋ. ನಮ್ಮಲ್ಲಿ ಎಷ್ಟು ಮಂದಿಯ ಮೊಮ್ಮಕ್ಕಳು ಈಗ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ, ಕೈ ಎತ್ತಿ ಎಂದೆವು. ಸಮಿತಿಯಲ್ಲಿ ಆ ದಿನ ಹಾಜರಿದ್ದವರು 13. ಮೇಲಕ್ಕೆ ಬಂದ ಕೈಗಳು ಎರಡು. ಪ್ರಶ್ನೆ ಕೇಳಿದ ಕಾರ್ಯದರ್ಶಿಯ ಕೈಯೂ ಮೇಜಿನ ಮೇಲೆಯೇ ಇತ್ತು. ನಮ್ಮ ಮೊಮ್ಮಗಳು ಹೋಗುವುದು ಹಳದಿ ವ್ಯಾನಿನಲ್ಲಿ, ಇಂಗ್ಲಿಷ್ ಶಾಲೆಗೆ. ಮಗ ಸೊಸೆಯ ತೀರ್ಮಾನ ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಶಾಲೆಗೆ ಸೇರಿಸುವ ದಿನ ಅವರು ನಮ್ಮನ್ನು ಕೇಳಿದ್ದರು. ನಿಮಗೆ ಸರಿ ಕಂಡಂತೆ ಮಾಡಿ ಎಂದದ್ದು ನಾವೇ. ಅವರಿಗೂ ಕಾರಣವಿತ್ತು. ನಾಳೆ ಬೆಂಗಳೂರಿಗೋ ದುಬೈಗೋ ವರ್ಗವಾದರೆ ಮಗು ಏನು ಮಾಡಬೇಕು ಎಂದು ಅವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಹಾಗಾಗಿ ಮೊದಲ ಸಿನಿಮಾದಲ್ಲಿ ಎದುರಾಳಿ ಹೊರಗಿನಿಂದ ಬಂದವರು. ನಿಜವಾದ ಕಾಸರಗೋಡಿನಲ್ಲಿ ಅವರ ಜೊತೆಗೆ ಇನ್ನೊಬ್ಬ ಎದುರಾಳಿಯೂ ಇದ್ದಾನೆ, ಅವನು ನಮ್ಮ ಜಗಲಿಯಲ್ಲೇ ಕೂತು ಪೇಪರ್ ಓದುತ್ತಿರುತ್ತಾನೆ. ಇದನ್ನು ಯಾವ ಸಿನಿಮಾವೂ ಇನ್ನೂ ಹೇಳಿಲ್ಲ.

ಕಾಲ ಏನು ಮಾಡಿತು

ಎರಡನೇ ಪ್ರಶ್ನೆಗೆ ಉತ್ತರ ಸುಲಭ. 2018ರಲ್ಲಿ ಏಳನೇ ತರಗತಿಯಲ್ಲಿದ್ದ ಹುಡುಗ ಹುಡುಗಿಯರು ಈಗ ಇಪ್ಪತ್ತರ ಆಸುಪಾಸಿನವರು. ಚಿತ್ರದ ಪ್ರವೀಣ, ಮಮ್ಮೂಟ್ಟಿ, ಪಲ್ಲವಿ ಎಲ್ಲ ಬೆಳೆದಿರುತ್ತಾರೆ. ಅವರನ್ನು ಮತ್ತೆ ಚಡ್ಡಿ ಹಾಕಿಸಿ ಗುಡ್ಡ ಹತ್ತಿಸಿದರೆ ಅದು ಗಾಳಿಪಟದಂತೆ ಹೆಸರಿಗೆ ಮಾತ್ರ ಎರಡನೇ ಭಾಗವಾದೀತು. ಬೆಳೆದ ಹಾಗೆಯೇ ತೋರಿಸಿದರೆ ಕಥೆ ತಾನಾಗಿ ಹುಟ್ಟುತ್ತದೆ. ಒಬ್ಬ ಕೇರಳ ಪಿ.ಎಸ್.ಸಿ.ಯ ಕನ್ನಡ, ಮಲಯಾಳ ಎರಡೂ ಬಲ್ಲ ಗುಮಾಸ್ತನ ಹುದ್ದೆಗೆ ಓದುತ್ತಿರಬಹುದು. (ಆ ಪರೀಕ್ಷೆ ಇರುವುದೇ ನಮ್ಮ ಜಿಲ್ಲೆಯಂಥ ಕಡೆಗೆ, ಆಸಕ್ತರು ಕಚೇರಿಗೆ ಬಂದರೆ ವಿವರ ಕೊಡುತ್ತೇವೆ.) ಒಬ್ಬ ಕೊಲ್ಲಿಗೆ ಹೋಗಿ ಅಂಗಡಿಯಲ್ಲಿ ನಿಂತಿರಬಹುದು. ಒಬ್ಬಳು ಮಾಯಿಪ್ಪಾಡಿಯ ಡಯಟ್‌ನಲ್ಲಿ ಅಧ್ಯಾಪಕ ತರಬೇತಿ ಮುಗಿಸಿ, ತಾನು ಕಲಿತ ಶಾಲೆಗೇ ದಿನಗೂಲಿ ಅಧ್ಯಾಪಕಿಯಾಗಿ ಬಂದು, ಮೇ ತಿಂಗಳ ಬಿಸಿಲಿನಲ್ಲಿ ಕೊಡೆ ಹಿಡಿದು ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳುತ್ತಿರಬಹುದು.

ಈ ಕೊನೆಯದು ಕಲ್ಪನೆಯಲ್ಲ. ಪ್ರತಿ ವರ್ಷ ನಮ್ಮ ಮನೆಗೆ ಹೀಗೆ ಅಧ್ಯಾಪಕಿಯರು ಬರುತ್ತಾರೆ. ಮಜ್ಜಿಗೆ ಕುಡಿದು, ಯಾರಾದರೂ ಒಂದನೇ ಕ್ಲಾಸಿಗೆ ಇದ್ದರೆ ಹೇಳಿ ಸಾರ್ ಎಂದು ಕೇಳಿ ಹೋಗುತ್ತಾರೆ. ಆರು ದಿನದ ಲೆಕ್ಕಕ್ಕೆ ಒಂದು ಮಗು ಕಡಿಮೆಯಾದಾಗ ಅವರ ಮುಖ ಹೇಗಿರುತ್ತದೆ ಎಂದು ಬಲ್ಲವರಿಗೆ, ಇದರಲ್ಲಿ ಯಾವ ಬಾಸ್ಕೆಟ್‌ಬಾಲ್ ಪಂದ್ಯಕ್ಕಿಂತಲೂ ಹೆಚ್ಚು ಎದೆಬಡಿತ ಇದೆ ಎಂದು ಹೇಳಬೇಕಾಗಿಲ್ಲ. ನಗೆಯೂ ಬೇಕಷ್ಟಿದೆ. ಮಗುವನ್ನು ಕೊಡುತ್ತೇವೆ, ಬದಲಿಗೆ ವ್ಯಾನು ತನ್ನಿ ಎನ್ನುವ ಅಪ್ಪ. ಕನ್ನಡ ಉಳಿಯಬೇಕು ಎಂದು ಒಂದು ಗಂಟೆ ಭಾಷಣ ಮಾಡಿ, ಮೊಮ್ಮಗಳ ಶಾಲೆ ಯಾವುದೆಂದು ಕೇಳಿದಾಗ ಕೆಮ್ಮುವ ಸಂಘದ ಕಾರ್ಯದರ್ಶಿ. ಆ ಪಾತ್ರವನ್ನು ಮಾಡಲು ನಟರು ಸಿಗದಿದ್ದರೆ ನಾವೇ ಸಿದ್ಧ.

ಯಾರಿಗೆ ಬೇಕು

ಮೂರನೇ ಪ್ರಶ್ನೆ. ರಿಷಬ್ ಶೆಟ್ಟಿಯವರು ಈಗ ಬಹಳ ಎತ್ತರದಲ್ಲಿದ್ದಾರೆ. 2022ರ 'ಕಾಂತಾರ'ದ ನಂತರ ಅವರು ಕಥೆಯನ್ನು ಮುಂದಕ್ಕೆ ಒಯ್ಯದೆ ಹಿಂದಕ್ಕೆ, ಮೂಲಕ್ಕೆ ಒಯ್ದು 2025ರಲ್ಲಿ 'ಕಾಂತಾರ ಅಧ್ಯಾಯ 1' ಮಾಡಿದರು. ಗಲ್ಲಾಪೆಟ್ಟಿಗೆಗೆ ಕಾಸರಗೋಡಿನ ಶಾಲೆಯ ಅಗತ್ಯ ಇಲ್ಲ. ಹಾಗಾದರೆ ಅದು ನಮಗೆ ಬೇಕು. ನಮಗೆ ಬೇಕಾದದ್ದು ನೆನಪೋ, ಕಥೆಯೋ ಎಂದು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ನಮ್ಮೂರಿನ ಹೆಸರು ಮತ್ತೊಮ್ಮೆ ಪರದೆಯ ಮೇಲೆ ಕಾಣಲಿ, ಅನಂತ್‌ನಾಗ್ ಮತ್ತೊಮ್ಮೆ ನಮ್ಮ ಪರವಾಗಿ ಮಾತಾಡಲಿ, ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುವ ಎಂದಾದರೆ, ಬೇಡ. ಅದು ಸ್ಪೇಸ್ ಜಾಮ್‌ನಲ್ಲಿ ಮೊಲ ತನ್ನ ಆಟಗಾರರಿಗೆ ಕುಡಿಸಿದ ಬಾಟಲಿಯ ಹಾಗೆ: ಮಹಾ ಔಷಧ ಎಂದು ಚೀಟಿ ಅಂಟಿಸಿತ್ತು, ಒಳಗಿದ್ದದ್ದು ಬರೀ ನೀರು. ಆದರೆ ಆ ಮೊಲದ ತಂಡ ನೀರು ಕುಡಿದು ಸುಮ್ಮನೆ ಕೂರಲಿಲ್ಲ, ಎದ್ದು ಹೋಗಿ ಆಡಿತು ಎಂಬುದನ್ನೂ ಮರೆಯಬಾರದು.

ಇನ್ನೊಂದು ಮಾತು. ಕಥೆ ಹೇಳಲು ನಾವು ಹೊರಗಿನವರ ದಾರಿ ಕಾಯಬೇಕಾಗಿಲ್ಲ. ಆ ಸಿನಿಮಾದಲ್ಲಿ ನಮ್ಮನ್ನು ನಗಿಸಿದ ಪ್ರಕಾಶ್ ತೂಮಿನಾಡು ಮಂಜೇಶ್ವರದ ತೂಮಿನಾಡಿನವರು. 2025ರಲ್ಲಿ 'ಸು ಫ್ರಮ್ ಸೋ' ಬರೆದು ನಿರ್ದೇಶಿಸಿದ ಜೆ.ಪಿ. ತೂಮಿನಾಡು ಅವರದ್ದೂ ಅದೇ ಊರು. ತಲಪಾಡಿ ಗೇಟಿನ ಈಚೆಯಿಂದ ಹೋದವರ ಕಥೆಗೆ ಇಡೀ ಕರ್ನಾಟಕ ಸಾಲು ನಿಂತು ಟಿಕೆಟ್ ತೆಗೆದುಕೊಂಡಿತು. ಎರಡನೇ ಭಾಗ ಬರುವುದಾದರೆ ನಮ್ಮ ರಂಗಭೂಮಿಯ ಇಂಥ ಹುಡುಗರ ಕೈಯಿಂದಲೂ ಬರಬಹುದು.

ಟಿಪ್ಪಣಿಯ ತಾತ್ಪರ್ಯ

ಆ ಸಿನಿಮಾಗೆ ಎರಡನೇ ಭಾಗದ ಅರ್ಹತೆ ಇದೆ. ಹೇಳದೆ ಉಳಿದದ್ದು ಇದೆ, ಕಾಲವೂ ಬದಲಿಸಿದೆ. ಆದರೆ ನಾವು ಠರಾವು ಕಳಿಸುವ ಮೊದಲು ನಮ್ಮ ಕಡೆಯಿಂದ ಒಂದು ಬಾಕಿ ಇದೆ. ಈ ಜೂನ್‌ನಲ್ಲಿ ಪ್ರವೇಶೋತ್ಸವದ ದಿನ ಪ್ರತಿ ಸದಸ್ಯರು ತಮ್ಮ ಹತ್ತಿರದ ಕನ್ನಡ ಶಾಲೆಗೆ ಹೋಗಿ ಒಂದನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ನೋಡಿ ಬರಬೇಕು. ಮನೆಯಲ್ಲಿ ಈ ವರ್ಷ ಸೇರಿಸುವ ಮಗು ಇದ್ದರೆ, ತೀರ್ಮಾನಕ್ಕೆ ಮೊದಲು ಆ ಶಾಲೆಯ ಅಧ್ಯಾಪಕರೊಡನೆ ಅರ್ಧ ಗಂಟೆ ಮಾತಾಡಬೇಕು. ಇಂಗ್ಲಿಷ್ ಹೇಗೆ ಕಲಿಸುತ್ತೀರಿ, ಮಲಯಾಳ ಹೇಗೆ ಎಂದು ನೇರವಾಗಿ ಕೇಳಬೇಕು. ಆಮೇಲೆ ಎಲ್ಲಿ ಬೇಕಾದರೂ ಸೇರಿಸಿ, ಯಾರೂ ನಿಮ್ಮನ್ನು ದೂರುವುದಿಲ್ಲ. ದೂರುವ ಅಧಿಕಾರ ಈ ಕಾರ್ಯದರ್ಶಿಗಂತೂ ಇಲ್ಲ.

ನಮ್ಮ ಮೊಮ್ಮಗಳಿಗೆ ಈ ರಜೆಯಲ್ಲಿ ದಿನಕ್ಕೊಂದು ಪುಟ ಕನ್ನಡ ಓದಿಸುತ್ತಿದ್ದೇವೆ. ಒತ್ತಕ್ಷರ ಬಂದಾಗ ಅಳುತ್ತಾಳೆ, ಹಪ್ಪಳ ಕೊಟ್ಟರೆ ಮುಂದೆ ಓದುತ್ತಾಳೆ. ಎರಡನೇ ಭಾಗ ನಮ್ಮಲ್ಲಿ ಸದ್ಯಕ್ಕೆ ಅಷ್ಟು ಆರಂಭವಾಗಿದೆ.

ಸೂಚನೆಗಳು

ಬೇಸಿಗೆ ಶಿಬಿರದ ಕೊನೆಯ ದಿನ ಸಂಜೆ ಎರಡೂ ಸಿನಿಮಾಗಳನ್ನು ತೋರಿಸುವುದೆಂದು ತೀರ್ಮಾನವಾಗಿದೆ, ಮೊದಲು ಮೊಲದ್ದು, ಚಹಾದ ನಂತರ ಶಾಲೆಯದ್ದು. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆ ಕೇಳಿ ಪತ್ರ ಬರೆದಿದ್ದೇವೆ. ಉತ್ತರ ಬಂದ ಕೂಡಲೇ ದಿನಾಂಕವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಆ ಮೇಲೆ ಅರ್ಧ ಗಂಟೆ ಚರ್ಚೆ, ಇದರಲ್ಲಿ ಮಕ್ಕಳು ಮಾತಾಡಬೇಕು, ಹಿರಿಯರು ಕೇಳಬೇಕು.

ಠರಾವಿನ ವಿಷಯ ಜೂನ್ ತಿಂಗಳ ಸಭೆಗೆ ಮುಂದೂಡಲ್ಪಟ್ಟಿದೆ. ಆರನೇ ಕೆಲಸದ ದಿನ ಕಳೆದ ನಂತರದ ಭಾನುವಾರ ಸಭೆ. ಬರುವಾಗ ನೀವು ನೋಡಿ ಬಂದ ಶಾಲೆಯ ಒಂದನೇ ತರಗತಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ತನ್ನಿ. ಅದನ್ನು ಠರಾವಿನ ಜೊತೆಗೆ ಲಗತ್ತಿಸುತ್ತೇವೆ.

ಇತಿ ನಿಮ್ಮವ,
ಕಾರ್ಯದರ್ಶಿ